ಪತ್ತನಾಜೆಗೆ ಮೊದಲು ಒಂದು ಮರ ನೋಡಿ ಬನ್ನಿ



ಬಿಸುವಿನಿಂದ ಪತ್ತನಾಜೆಯವರೆಗಿನ ಸುಮಾರು 40 ದಿನಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕೃಷಿಕನಿಗೆ ತುಸು ಬಿಡುವಿನ ಕಾಲ. ಅಂಗಳದ ಅಡಿಕೆ ಒಳಗೆ ಸೇರಿರುತ್ತದೆ. ಮಕ್ಕಳಿಗೆ ಶಾಲೆಗೆ ರಜೆ. ಮದುವೆ, ನೇಮ, ಯಕ್ಷಗಾನ ಎಂದು ಮನೆಮಂದಿಗೆಲ್ಲ ತಿರುಗಾಟ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಸಾಮಾನ್ಯವಾಗಿ ಮೇ 24ರ ಸುಮಾರಿಗೆ, ಪತ್ತನಾಜೆ ಬರುತ್ತದೆ. ಅಂದಿಗೆ ನೇಮ ಕೋಲಗಳು ನಿಲ್ಲುತ್ತವೆ, ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನಾವು ಮಳೆಗಾಲದ ಕೆಲಸಕ್ಕೆ ತಿರುಗುತ್ತೇವೆ.

ಇದೇ ದಿನಗಳಲ್ಲಿ ಹಿತ್ತಲು ಕೈತುಂಬ ಕೊಡುತ್ತದೆ. ಗುಜ್ಜೆ ಬಲಿತು ಹಲಸಾಗಿರುತ್ತದೆ. ಕಾಡುಮಾವು ಗಾಳಿಗೆ ಉದುರುತ್ತದೆ. ಪುನರ್ಪುಳಿ ಕೆಂಪಾಗುತ್ತದೆ. ಗದ್ದೆಯ ಸೌತೆಕಾಯಿ ಬಾಳೆನಾರಿನಲ್ಲಿ ಕಟ್ಟಿಸಿಕೊಂಡು ಮಾಡಿನಲ್ಲಿ ತೂಗುತ್ತದೆ. ಹಪ್ಪಳ, ಮಾಂಬಳ, ಉಪ್ಪುಸೊಳೆ ಮಳೆಗಾಲಕ್ಕೆ ಸಿದ್ಧವಾಗುತ್ತವೆ. ಊಟ ಮನೆಯದ್ದು, ತಿರುಗಾಟ ಹೊರಗಿನದ್ದು ಎಂದು ಇವೆರಡನ್ನೂ ನಾವು ಬೇರೆ ಬೇರೆಯಾಗಿ ಕಾಣುತ್ತೇವೆ. ಇವು ಒಂದಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಹೇಳುತ್ತೇನೆ.

ದೊಡ್ಡಮ್ಮನ ಮನೆಯ ಮರ

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಮನೆಮಂದಿ ಸೇರಿ ಗಡಾಯಿಕಲ್ಲು ಹತ್ತಿದೆವು. 1794ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಜಮಾಲಾಬಾದ್ ಕೋಟೆ ಇರುವ ಬಂಡೆ ಅದು. ಇಳಿದ ಮೇಲೆ ಬೆಳ್ತಂಗಡಿ ಸಮೀಪದ ದೊಡ್ಡಮ್ಮನ ಮನೆಗೆ ಊಟಕ್ಕೆ ಹೋದೆವು. ಆ ಮನೆಯ ಹಟ್ಟಿಯ ಹಿಂದೆ ಒಂದು ಬಕ್ಕೆ ಹಲಸು ಇತ್ತು. ಅದಕ್ಕೆ ‘ಹಪ್ಪಳದ ಮರ’ ಎಂದೇ ಹೆಸರು. ಅದರ ಸೊಳೆಯಲ್ಲಿ ನೀರಿನಂಶ ಕಡಿಮೆ. ಹಪ್ಪಳ ಎಣ್ಣೆಗೆ ಹಾಕಿದೊಡನೆ ಹೂವಿನಂತೆ ಅರಳುತ್ತಿತ್ತು.

ಹಟ್ಟಿಯ ಹಿಂದೆ ಮರ ಇರಲಿಲ್ಲ. ಹೊಸ ಮನೆಯ ದಾರಂದ, ಬಾಗಿಲುಗಳಾಗಿ ಎದುರಿಗೇ ನಿಂತಿತ್ತು. “ಬೇರೆ ಹಲಸು ನಾಲ್ಕು ಇದೆ ಮಗಾ. ಆದರೆ ಹಪ್ಪಳ ಹಾಗೆ ಬರುವುದಿಲ್ಲ” ಎಂದರು ದೊಡ್ಡಮ್ಮ.

ಮರ ಕಡಿದವರನ್ನು ನಾನು ದೂರುವುದಿಲ್ಲ. ಮನೆಗೆ ಮರ ಬೇಕು. ಹಲಸಿನ ಮರ ಒಳ್ಳೆಯದು. ತಪ್ಪು ನನ್ನದು. 20 ವರ್ಷ ಆ ಹಪ್ಪಳ ತಿಂದವನು ನಾನು. ಕಸಿ ಕಟ್ಟಲೂ ಬಲ್ಲೆ. ಆದರೂ ಆ ಮರದಿಂದ ಒಂದೇ ಒಂದು ಕಡ್ಡಿ ತೆಗೆದಿರಲಿಲ್ಲ.

ಬೀಜ ಹಾಕಿದರೆ ಸಾಲದೇ?

ಸಾಲದು. ಹಲಸಿನ ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನೇ ಪಡೆಯುತ್ತದೆಂಬ ಖಾತ್ರಿಯಿಲ್ಲ. ಪರಾಗಸ್ಪರ್ಶದಲ್ಲಿ ಬೇರೆ ಮರದ ಗುಣವೂ ಸೇರುತ್ತದೆ. ಬಕ್ಕೆಯ ಬೀಜದಿಂದ ತುಳುವೆ ಬರಬಹುದು. ಬೀಜದಿಂದ ಬೆಳೆದ ಕಾಡುಮಾವಿನ ಮಾತೂ ಹೀಗೆಯೇ. ಆದುದರಿಂದ ನಮ್ಮ ಊರುಗಳ ಹಲಸು, ಕಾಡುಮಾವುಗಳಲ್ಲಿ ಒಂದೊಂದು ಮರವೂ ಒಂದೊಂದು ತಳಿಯೇ ಸರಿ. ಮರ ಹೋದರೆ ತಳಿಯೂ ಹೋಯಿತು.

ಒಂದು ಮರದ ಬೆಲೆ ಎಷ್ಟೆಂಬುದಕ್ಕೆ ಎರಡು ಉದಾಹರಣೆ ಸಾಕು. ಪ್ರಪಂಚದಾದ್ಯಂತ ಮಾರಾಟವಾಗುವ ‘ಹಾಸ್’ ಬೆಣ್ಣೆಹಣ್ಣಿನ ಗಿಡಗಳೆಲ್ಲ ಅಮೆರಿಕದ ಕ್ಯಾಲಿಫೋರ್ನಿಯಾದ ಒಬ್ಬ ಅಂಚೆಯಾಳಿನ ತೋಟದ ಒಂದೇ ಮರದ ಸಂತಾನ. ಅದಕ್ಕೆ 1935ರಲ್ಲಿ ಪೇಟೆಂಟ್ ದೊರೆಯಿತು. ತಾಯಿಮರ 2002ರಲ್ಲಿ ಸತ್ತರೂ ತಳಿ ಸಾಯಲಿಲ್ಲ. ನಮ್ಮ ರಾಜ್ಯದಲ್ಲೇ ತುಮಕೂರು ಜಿಲ್ಲೆಯ ಚೇಳೂರಿನ ಕೃಷಿಕರೊಬ್ಬರ ಒಂದೇ ಮರದಿಂದ ಕೆಂಪು ಸೊಳೆಯ ‘ಸಿದ್ದು’ ಹಲಸು ಬಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 2017ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡು, ಕಸಿ ಗಿಡಗಳ ಆದಾಯದಲ್ಲಿ ಶೇಕಡ 75 ಭಾಗ ಅವರಿಗೇ ಎಂದು ಗೊತ್ತುಪಡಿಸಿತು. ಕೃಷಿಕರು ಉಳಿಸಿದ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ಕೃಷಿಕರ ಹಕ್ಕುಗಳ ಕಾಯಿದೆಯಲ್ಲಿ ಅವಕಾಶವಿದೆ.

ನಮ್ಮ ಅಡಿಕೆಗೆ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ 1956ರಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. 1972ರಲ್ಲಿ ‘ಮಂಗಳ’ ತಳಿ ಬಿಡುಗಡೆಯಾಯಿತು. ನಮ್ಮ ಹಪ್ಪಳದ ಹಲಸನ್ನು, ಗೊಜ್ಜಿನ ಮಾವನ್ನು ಆರಿಸಿದವರು ಯಾರು? ನಮ್ಮ ಅಜ್ಜಿಯರು. ಯಾವ ಮರ ಗುಜ್ಜೆಗೆ, ಯಾವುದು ಉಪ್ಪುಸೊಳೆಗೆ, ಯಾವುದು ಹಣ್ಣಿಗೆ ಎಂಬುದು ಅವರ ನಾಲಗೆಯಲ್ಲಿದೆ, ಪುಸ್ತಕದಲ್ಲಿಲ್ಲ.

ತಿರುಗಾಟದಲ್ಲಿ ಮಾಡಬಹುದಾದ್ದು

ಮರದ ಗುಣ ತಿಳಿಯುವುದು ಫಲದ ಕಾಲದಲ್ಲಿ ಮಾತ್ರ. ಆ ಕಾಲದಲ್ಲೇ ನಾವು ನೆಂಟರ ಮನೆಗಳಿಗೆ ಹೋಗುತ್ತೇವೆ. ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಬೇಕೇ?

ಕಾರಿಂಜ ಬೆಟ್ಟಕ್ಕೆ ಹೊರಡುವಾಗ ಬೇಕರಿಯ ಪೊಟ್ಟಣಗಳ ಬದಲು ಹಲಸಿನ ಹಣ್ಣಿನ ಗಟ್ಟಿ, ಹಪ್ಪಳ, ಪುನರ್ಪುಳಿ ಪಾನಕ ಕಟ್ಟಿಕೊಳ್ಳಿ. ನೆಂಟರ ಮನೆಯಲ್ಲಿ ಹಣ್ಣು ರುಚಿಯಾದರೆ ‘ಯಾವ ಮರದ್ದು?’ ಎಂದು ಕೇಳಿ, ಹೋಗಿ ನೋಡಿ. ಮಕ್ಕಳ ಕೈಗೆ ಒಂದು ಪುಸ್ತಕ ಕೊಟ್ಟು ಬರೆಯಿಸಿ: ಮರ ಎಲ್ಲಿದೆ, ಯಾವಾಗ ಹಣ್ಣಾಗುತ್ತದೆ, ಸೊಳೆ ದಪ್ಪವೋ ತೆಳುವೋ, ಮೇಣ ಹೆಚ್ಚೋ ಕಡಿಮೆಯೋ, ಯಾವ ಅಡುಗೆಗೆ ಒಳ್ಳೆಯದು. ಮರಕ್ಕೆ ಸುಣ್ಣದ ಗುರುತು ಹಾಕಿಸಿ.

ತಿಂದ ಹಣ್ಣಿನ ಬೀಜಗಳನ್ನು ಒಣಗಲು ಬಿಡದೆ ಒಂದು ವಾರದೊಳಗೆ ಪಾಲಿಥೀನ್ ಚೀಲಗಳಲ್ಲಿ ಬಿತ್ತಿರಿ. ಇವೇ ಕಸಿಯ ಬುಡದ ಗಿಡಗಳು. ಮಳೆ ಹಿಡಿದು ಗಿಡ ಬೆಳೆದ ಮೇಲೆ, ಗುರುತಿಸಿದ ಮರದ ಬಲಿತ ಚಿಗುರುಕಡ್ಡಿಗಳ ಎಲೆಗಳನ್ನು ತೊಟ್ಟು ಉಳಿಸಿ ಸವರಿ. 8–10 ದಿನಗಳಲ್ಲಿ ತುದಿಮೊಗ್ಗು ಉಬ್ಬಿದಾಗ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಕಸಿ ಕಟ್ಟಿ. ಕೈ ಪಳಗದವರು ಬಲ್ಲವರಿಂದ ಕಟ್ಟಿಸಿಕೊಳ್ಳಬಹುದು. ಬೀಜದ ಗಿಡ ಫಲ ಕೊಡಲು 7–8 ವರ್ಷ ಅಥವಾ ಹೆಚ್ಚು ಬೇಕಾದರೆ, ಕಸಿ ಗಿಡಕ್ಕೆ ಸುಮಾರು 4–5 ವರ್ಷ ಸಾಕು.

‘ಕೊಯ್ಯಲು ಜನವಿಲ್ಲ, ಇರುವ ಹಲಸೇ ಕೊಳೆಯುತ್ತಿದೆ, ಹೊಸ ಗಿಡ ಯಾಕೆ?’ ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ಕೊಳೆಯುವ 10 ಮರಗಳಿಗಿಂತ, ಮನೆಯ ಹತ್ತಿರ ಕೈಗೆಟುಕುವಂತೆ ಸವರಿ ಬೆಳೆಸಿದ ಗೊತ್ತಿರುವ 2 ಕಸಿ ಮರಗಳು ಮೇಲು. ‘ನರ್ಸರಿಯಲ್ಲಿ ಕಸಿ ಗಿಡ ಸಿಗುತ್ತದಲ್ಲ?’ ಎಂದೂ ಕೇಳಬಹುದು. ಸಿಗುತ್ತದೆ, ತಂದು ನೆಡಿ. ನಿಮ್ಮ ದೊಡ್ಡಮ್ಮನ ಹಪ್ಪಳದ ಮರ ಮಾತ್ರ ಅಲ್ಲಿ ಸಿಗದು. ಎಲೆಚುಕ್ಕಿ, ಹಳದಿ ಎಲೆ ರೋಗಗಳಿಂದ ಅಡಿಕೆ ತೋಟಗಳು ತತ್ತರಿಸುತ್ತಿರುವ ಈ ದಿನಗಳಲ್ಲಿ, ಊಟದ ಮರಗಳನ್ನು ಕಡೆಗಣಿಸಿ ಒಂದೇ ಬೆಳೆಯನ್ನು ನಂಬಿ ಕೂರುವುದು ಜಾಣತನವಲ್ಲ. ನೆರೆಯ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ನಾವು ಘೋಷಣೆಗೆ ಕಾಯಬೇಕಾಗಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಈ ವರ್ಷ ನೋಡಲಾಗದಿದ್ದರೆ ಬರುವ ವರ್ಷ ನೋಡಬಹುದು. ಆದರೆ ಅಲ್ಲಿಗೆ ಹೋಗುವ ದಾರಿಯ ಬದಿಯ ಕಾಡುಮಾವಿಗೆ ಆ ಭರವಸೆಯಿಲ್ಲ. ಹೆದ್ದಾರಿ ಅಗಲವಾಗುವಾಗ ಎಷ್ಟೋ ಹಳೆಯ ಮರಗಳು ಉರುಳಿದ್ದನ್ನು ನಾವೇ ಕಂಡಿದ್ದೇವೆ. ಮರದ ರುಚಿ ಬಲ್ಲ ಹಿರಿಯರೂ ಸದಾ ಇರುವವರಲ್ಲ.

ಆದುದರಿಂದ ಈ ಬೇಸಗೆಯಲ್ಲಿ, ಗೆಜ್ಜೆ ಬಿಚ್ಚುವ ಮೊದಲು, ಒಬ್ಬೊಬ್ಬ ಕೃಷಿಕನೂ ಒಂದೊಂದು ಮರವನ್ನಾದರೂ ಗುರುತಿಸಲಿ. ಮಳೆ ಬಂದಾಗ ಅದರ ಎರಡು ಕಡ್ಡಿಗಳು ಅವನ ಅಂಗಳದ ಬದಿಯಲ್ಲಿ ಚಿಗುರಲಿ.