ಶಾಲು ಸಾಕು, ಕುರ್ಚಿ ಕೊಡಿ

ಪುರಸಭೆಗೋ ಪಟ್ಟಣ ಪಂಚಾಯತಿಗೋ ಚುನಾವಣೆ ಮುಗಿದರೆ ನಮ್ಮ ಊರುಗಳಲ್ಲಿ ಎರಡು ಮೂರು ತಿಂಗಳು ಸನ್ಮಾನದ ಸೀಸನ್. ಜಮಾಅತ್‌ನವರದ್ದು ಒಂದು, ಯುವಕ ಸಂಘದವರದ್ದು ಇನ್ನೊಂದು, ಕ್ರಿಕೆಟ್ ಟೀಮಿನವರದ್ದು ಮತ್ತೊಂದು. ಮದುವೆ ಹಾಲ್‌ಗೆ ಊಟಕ್ಕೆ ಬಂದ ಸದಸ್ಯರನ್ನು ಹಿಡಿದು ಅಲ್ಲೇ ಶಾಲು ಹೊದಿಸಿದ್ದನ್ನೂ ನಾವು ನೋಡಿದ್ದೇವೆ. ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ದಾರಿ ಬದಿಯಲ್ಲಿ ಫ್ಲೆಕ್ಸ್. ಗೆದ್ದವರಿಗೆ ಸಂತೋಷ, ಕರೆದವರಿಗೂ ಸಂತೋಷ. ಇರಲಿ, ಅದರಲ್ಲಿ ತಪ್ಪು ಹುಡುಕಲು ನಾವು ಹೊರಟಿಲ್ಲ. ಆದರೆ ಅದೇ ಪುರಸಭೆಯ ವರಾಂಡದಲ್ಲಿ ಎಪ್ಪತ್ತು ವರ್ಷದ ಒಬ್ಬರು ಕಾಗದದ ತೊಟ್ಟೆ ಹಿಡಿದು ಎರಡು ಗಂಟೆ ನಿಂತೇ ಇರುತ್ತಾರಲ್ಲ, ಅವರ ಮರ್ಯಾದೆಯ ವಿಷಯ ಯಾವ ವೇದಿಕೆಯಲ್ಲೂ ಬರುವುದಿಲ್ಲ. ಈ ವಾರ ಅದನ್ನೇ ಬರೆಯೋಣ ಅಂತ.

ಮದರಸದಲ್ಲಿ ಕಲಿಸುವವರಿಗೆ ಇದು ಹೇಗೆ ಗೊತ್ತು ಎಂದು ಕೇಳಬಹುದು. ಬೆಳಿಗ್ಗೆ ಮಕ್ಕಳ ಕ್ಲಾಸ್ ಬಿಟ್ಟ ಕೂಡಲೇ ಮೆಟ್ಟಿಲ ಹತ್ತಿರ ಇಬ್ಬರು ಮೂವರು ಉಮ್ಮಂದಿರು ಕಾದಿರುತ್ತಾರೆ. ಪಾಠದ ವಿಷಯ ಕೇಳಲಿಕ್ಕೆ ಅಲ್ಲ, ಪುರಸಭೆಯಿಂದ ಬಂದ ನೋಟಿಸ್ ಓದಿಸಲಿಕ್ಕೆ, ಅರ್ಜಿ ಬರೆಸಲಿಕ್ಕೆ. ಮನೆ ತೆರಿಗೆ, ನೀರಿನ ಬಿಲ್ಲು, ಖಾತೆ ಬದಲಾವಣೆ, ಜನನ ಮರಣ ಪತ್ರ. ಹೆಚ್ಚಿನವರು ಬೀಡಿ ಕಟ್ಟುವವರು. ಒಂದು ದಿನ ಕಚೇರಿಗೆ ಹೋದರೆ ಆ ದಿನದ ಬೀಡಿ ಇಲ್ಲ, ಆ ದಿನದ ಮಜೂರಿಯೂ ಇಲ್ಲ. ‘ನಾಳೆ ಬನ್ನಿ’ ಎನ್ನುವ ಮಾತು ಹೇಳುವವರ ಬಾಯಿಗೆ ಸುಲಭ, ಕೇಳುವವರಿಗೆ ಅದಕ್ಕೆ ಒಂದು ರೇಟ್ ಇದೆ. ಹಿಂದೆ ಕರ್ನಾಟಕದ ಕೆಲವು ಊರುಗಳಲ್ಲಿ ದೆವ್ವ ಬರಬಾರದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ನಮ್ಮ ಕಚೇರಿಗಳಲ್ಲಿ ಮನುಷ್ಯರಿಗೇ ಅದನ್ನು ಹೇಳುತ್ತಾರೆ.

ನಮ್ಮವರ ಕಷ್ಟದಲ್ಲಿ ದೊಡ್ಡ ಪಾಲು ಹೆಸರಿನದ್ದು. ಮನೆಯಲ್ಲಿ ಕರೆಯುವುದು ಅದ್ರಾಮ, ಆಸ್ಪತ್ರೆ ಚೀಟಿಯಲ್ಲಿ ಅಬ್ದುಲ್ ರಹಿಮಾನ್, ಆಧಾರ್‌ನಲ್ಲಿ ಅಬ್ದುಲ್ ರೆಹಮಾನ್, ಹಳೆಯ ತೆರಿಗೆ ರಶೀದಿಯಲ್ಲಿ ಅದ್ರಾಮ ಬ್ಯಾರಿ. ನಾಲ್ಕೂ ಒಬ್ಬರೇ. ಐಸಮ್ಮ, ಆಯಿಶಾ, ಆಯಿಷಮ್ಮ ಮೂವರೂ ಒಬ್ಬರೇ. ಹಿಂದಿನ ಕಾಲದ ಬರಹಗಾರರು ಕಿವಿಗೆ ಕೇಳಿದ್ದನ್ನು ಬರೆದರು, ಬರೆಸಿದವರಿಗೆ ಓದಲು ಬರುತ್ತಿರಲಿಲ್ಲ. ಅಲ್ಲಿಗೆ ಮುಗಿದಿತ್ತು. ಈಗ ಕಂಪ್ಯೂಟರ್ ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಬೇರೆ ಮನುಷ್ಯ ಎನ್ನುತ್ತದೆ.

ನಮಗೆ ಗೊತ್ತಿರುವ ಒಬ್ಬ ವಿಧವೆ ಗಂಡನ ಮರಣ ಪತ್ರದಲ್ಲಿ ಹೆಸರು ಸರಿ ಮಾಡಿಸಲು ಒಂದು ಕಚೇರಿಗೆ ನಾಲ್ಕು ಸಲ ಹೋದರು. ಮೊದಲ ಸಲ ಆಪರೇಟರ್ ರಜೆ. ಎರಡನೇ ಸಲ ಸರ್ವರ್ ಇಲ್ಲ. ಮೂರನೇ ಸಲ ಅಫಿಡವಿಟ್ ತನ್ನಿ ಎಂದರು. ಅಫಿಡವಿಟ್ ಮಾಡಿಸಿಕೊಂಡು ನಾಲ್ಕನೇ ಸಲ ಹೋದರೆ ಇನ್ನೂ ಎರಡು ಕಾಗದ ಬೇಕು ಅಂತ. ಬೇಕಾದ ಕಾಗದಗಳು ಇಂತಿಂಥವು ಎಂದು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಎರಡು ಸಲದಲ್ಲಿ ಮುಗಿಯುವ ಕೆಲಸ. ಜನನ ಮರಣ ನೋಂದಣಿಯ 1969ರ ಕಾಯ್ದೆಯ 15ನೇ ಕಲಮಿನಲ್ಲಿ ತಪ್ಪು ತಿದ್ದುವ ಅಧಿಕಾರ ನೋಂದಣಾಧಿಕಾರಿಗೆ ಇದೆ, ಅದೇನು ಅವರು ಮಾಡುವ ಉಪಕಾರ ಅಲ್ಲ. ಕೊನೆಗೆ ಪತ್ರ ಸಿಕ್ಕಿತು. ಲಂಚ ಯಾರೂ ಕೇಳಲಿಲ್ಲ, ಅದನ್ನೂ ಹೇಳಬೇಕು. ಆದರೆ ಪತ್ರ ತೋರಿಸಲು ಬಂದಾಗ ಆ ಉಮ್ಮ ಹೇಳಿದ್ದು ಪತ್ರದ ವಿಷಯವನ್ನಲ್ಲ. ನಾಲ್ಕು ಸಲವೂ ಒಳಗಿದ್ದವರು ತನ್ನ ಮುಖ ನೋಡಿ ಮಾತಾಡಲಿಲ್ಲ ಎಂದು ಬೇಸರ ಮಾಡಿಕೊಂಡರು.

ಇನ್ನೊಂದು ‘ನೀನು’, ‘ನೀವು’ ಗಳ ಸಂಗತಿ. ನಮ್ಮ ಜಿಲ್ಲೆಯವರ ಕನ್ನಡ ಪುಸ್ತಕದಿಂದ ಕಲಿತ ಕನ್ನಡ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಕಚೇರಿಗೆ ಮಾತ್ರ ಕನ್ನಡ. ತುಳುವಿನಲ್ಲಿ ‘ಈ’ ಬೇರೆ, ‘ಈರ್’ ಬೇರೆ, ಹಿರಿಯರಿಗೆ ಏಕವಚನ ಹಾಕಿದರೆ ಜಗಳವೇ. ಘಟ್ಟದ ಮೇಲಿಂದ ವರ್ಗವಾಗಿ ಬಂದ ಸಿಬ್ಬಂದಿಗೆ ‘ಬಾ’, ‘ಹೋಗು’, ‘ಏನು ಬೇಕು ನಿನಗೆ’ ಎನ್ನುವುದು ಅವರ ಊರಿನ ಸಲಿಗೆಯ ಮಾತು. ಕೆಲವು ಸಲ ಅದರಲ್ಲಿ ಪ್ರೀತಿಯೂ ಇರುತ್ತದೆ. ಇಲ್ಲಿಯವರಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ. ಆದ್ದರಿಂದ ಎಲ್ಲಾ ಏಕವಚನವೂ ಅವಮಾನ ಎಂದು ನಾವು ಹೇಳುವುದಿಲ್ಲ. ಆದರೆ ಒಂದು ಪರೀಕ್ಷೆ ಉಂಟು. ಅದೇ ಗುಮಾಸ್ತರು ಕಾರಿನಿಂದ ಇಳಿದ ಗುತ್ತಿಗೆದಾರರಿಗೆ ‘ಬನ್ನಿ ಸರ್, ಕೂತ್ಕೊಳ್ಳಿ’ ಎಂದು, ಹಿಂದೆ ನಿಂತ ಮೀನಿನ ಬುಟ್ಟಿಯವರಿಗೆ ‘ನಿಂದೇನು’ ಎಂದರೆ, ಅದು ಊರಿನ ಭಾಷೆಯ ಸಮಸ್ಯೆ ಅಲ್ಲ ಮಾರಾಯ್ರೆ.

ಕಚೇರಿಯಲ್ಲಿ ಗೌರವ ಎಂದರೆ ನಮ್ಮ ಪ್ರಕಾರ ನಯವಾದ ಮಾತು ಮಾತ್ರ ಅಲ್ಲ. ನಗುನಗುತ್ತಾ ಆರು ತಿಂಗಳು ಓಡಾಡಿಸುವವರೂ ಇದ್ದಾರೆ. ಕೂರಲು ಒಂದು ಜಾಗ, ಕೊಟ್ಟ ಅರ್ಜಿಗೆ ದಿನಾಂಕ ಇರುವ ಸ್ವೀಕೃತಿ, ಮಂಗಳವಾರ ಎಂದರೆ ಮಂಗಳವಾರ, ಆಗದ ಕೆಲಸಕ್ಕೆ ಆಗುವುದಿಲ್ಲ ಎಂದು ಕಾರಣ ಸಹಿತ ಹಿಂಬರಹ. ಇಷ್ಟು. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ನಮ್ಮ ರಾಜ್ಯದಲ್ಲಿ 2011ರಲ್ಲೇ ನಾಗರಿಕರಿಗೆ ಸೇವೆಗಳ ಖಾತರಿ ಕಾಯ್ದೆ ಬಂತು, 2012ರಿಂದ ‘ಸಕಾಲ’ ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಅರ್ಜಿ ಕೊಟ್ಟಾಗ 15 ಅಂಕಿಗಳ ನಂಬರ್ ಇರುವ ಸ್ವೀಕೃತಿ ಕೊಡಬೇಕು. ಹೇಳಿದ ದಿನದೊಳಗೆ ಸೇವೆ ಸಿಗದಿದ್ದರೆ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರಕ್ಕೂ ಅವಕಾಶ ಉಂಟು. 500 ರೂಪಾಯಿ ದೊಡ್ಡದಲ್ಲ. ಆದರೆ ಬಡವರ ಒಂದು ದಿನಕ್ಕೆ ಬೆಲೆ ಇದೆ ಎಂದು ಸರಕಾರವೇ ಬರೆದುಕೊಟ್ಟ ಹಾಗಾಯಿತಲ್ಲ, ಅದು ದೊಡ್ಡದು. ಕಷ್ಟ ಏನೆಂದರೆ ಕೆಲವು ಕೌಂಟರ್‌ಗಳಲ್ಲಿ ಅರ್ಜಿ ‘ಇಟ್ಟು ಹೋಗಿ, ನೋಡುವ’ ಎನ್ನುತ್ತಾರೆ. ಇಟ್ಟು ಬಂದರೆ ನಂಬರೂ ಇಲ್ಲ, ದಿನಾಂಕವೂ ಇಲ್ಲ. ಸ್ವೀಕೃತಿ ಕೇಳುವುದು ಜಗಳ ಅಲ್ಲ, ಅಂಗಡಿಯಲ್ಲಿ ಬಿಲ್ ಕೇಳಿದ ಹಾಗೆ ಎಂದು ನಮ್ಮ ಮಕ್ಕಳಿಗಾದರೂ ಕಲಿಸಬೇಕು.

ಸಣ್ಣ ಪಟ್ಟಣದಲ್ಲಿ ಈ ಕೌಂಟರ್ ಯಾಕೆ ಇಷ್ಟು ಮುಖ್ಯ? ಹಳ್ಳಿಯಲ್ಲಾದರೆ ಗ್ರಾಮಸಭೆ ಇದೆ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಯಾರು ಬೇಕಾದರೂ ಎದ್ದು ಕೇಳಬಹುದು. ಗ್ರಾಮ ಪಂಚಾಯತ್ ಮೇಲ್ದರ್ಜೆಗೇರಿ ಪಟ್ಟಣ ಪಂಚಾಯತ್ ಆದ ದಿನ ನಾವು ಪಟಾಕಿ ಸಿಡಿಸುತ್ತೇವೆ, ಗ್ರಾಮಸಭೆ ಹೋದದ್ದು ಗೊತ್ತೇ ಆಗುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಇರಲೇಬೇಕು ಎಂದದ್ದು ಮೂರು ಲಕ್ಷಕ್ಕಿಂತ ಕಡಿಮೆ ಇಲ್ಲದ ಜನಸಂಖ್ಯೆಯ ಊರುಗಳಿಗೆ. ಸುಳ್ಯ, ಬೆಳ್ತಂಗಡಿ, ಬಂಟ್ವಾಳ, ಪುತ್ತೂರು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸಾಮಾನ್ಯ ಜನರಿಗೆ ಐದು ವರ್ಷಕ್ಕೊಮ್ಮೆ ಮತಗಟ್ಟೆ, ಉಳಿದ ದಿನಗಳಲ್ಲಿ ಈ ಕಿಟಕಿ. ಅವರು ಕಾಣುವ ಸರಕಾರ ಇದೇ.

ಸದಸ್ಯರ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಅವರಿಗೂ ಎಲ್ಲಾ ಕಾಲದಲ್ಲಿ ಕುರ್ಚಿ ಸಿಕ್ಕಿಲ್ಲ. 2018ರಲ್ಲಿ ಗೆದ್ದ ಅನೇಕ ನಗರ ಸ್ಥಳೀಯ ಸಂಸ್ಥೆಗಳ ಸದಸ್ಯರು ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ವ್ಯಾಜ್ಯದಿಂದಾಗಿ ಸುಮಾರು ಎರಡು ವರ್ಷ ಹೆಸರಿಗೆ ಮಾತ್ರ ಸದಸ್ಯರಾಗಿದ್ದರು. ಆಡಳಿತಾಧಿಕಾರಿಯದ್ದೇ ಕಾರುಬಾರು. ಚರಂಡಿ ತುಂಬಿದರೆ ಜನ ಬೈಯುವುದು ಮಾತ್ರ ಸದಸ್ಯರನ್ನು. ಗೆದ್ದವರನ್ನು ಎರಡು ವರ್ಷ ಹೊರಗೆ ನಿಲ್ಲಿಸುವುದು ಅವರಿಗೆ ಮತ ಹಾಕಿದವರಿಗೂ ಮಾಡುವ ಅಗೌರವ.

ಮಹಿಳಾ ಸದಸ್ಯರ ವಿಷಯ ಇದಕ್ಕಿಂತ ಕಷ್ಟದ್ದು. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ನಮ್ಮ ಸಮುದಾಯದ ಎಷ್ಟೋ ಹೆಣ್ಮಕ್ಕಳು ಗೆದ್ದು ಬಂದಿದ್ದಾರೆ, ಓದಿದವರು, ಮಾತು ಬಲ್ಲವರು. ಆದರೂ ವಾರ್ಡಿನ ನೀರು ನಿಂತರೆ ಫೋನ್ ಹೋಗುವುದು ಗಂಡನಿಗೆ. ಸನ್ಮಾನಕ್ಕೆ ಕರೆದರೂ ಶಾಲು ಗಂಡನ ಹೆಗಲಿಗೆ. ಚುನಾವಣೆಗೆ ನಿಲ್ಲುವಾಗ ಫ್ಲೆಕ್ಸ್‌ನಲ್ಲಿ ಅವರ ಫೋಟೊ ಬೇಕಾಗಿತ್ತು, ಗೆದ್ದ ಮೇಲೆ ಅವರ ನಂಬರ್ ಬೇಡವೇ? ಇದನ್ನು ಪುರಸಭೆಯವರು ಬಂದು ಸರಿ ಮಾಡಲಿ ಎಂದು ಕಾಯುವ ಅಗತ್ಯವಿಲ್ಲ. ನಮ್ಮ ಫೋನಿನಲ್ಲಿ ಹೆಸರು ಬದಲಿಸಿದರಾಯಿತು.

ಮರ್ಯಾದೆ ಕೇಳುವವರು ಕೊಡಲೂ ಬೇಕಲ್ಲ. ನಮ್ಮಲ್ಲಿ ಕೆಲವರಿಗೆ ಸರದಿ ಎಂದರೆ ಆಗದು. ಒಳಗೆ ಬಂದವರೇ ಮೆಂಬರಿಗೆ ಫೋನ್ ಹಚ್ಚಿ ಗುಮಾಸ್ತರ ಕಿವಿಗೆ ಕೊಡುವುದು. ಅವರ ಕೆಲಸ ಹತ್ತು ನಿಮಿಷದಲ್ಲಿ ಆಗುತ್ತದೆ. ಬೆಳಿಗ್ಗೆಯಿಂದ ನಿಂತ ಆ ಹಿರಿಯರ ಅರ್ಜಿ ಇನ್ನೂ ಒಂದು ದಿನ ಕೆಳಗೆ ಹೋಗುತ್ತದೆ. ಅಷ್ಟು ಸಣ್ಣ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರು ಹೆಚ್ಚಾಗಿ ಒಬ್ಬರೇ. ಜನನ, ಮರಣ, ತೆರಿಗೆ ಎಲ್ಲಾ ಅವರ ತಲೆ ಮೇಲೆ, ಸರ್ವರ್ ಹೋದರೂ ಬೈಗುಳ ಅವರಿಗೆ. ಇನ್ನು ಕಸದ ಗಾಡಿಯ ಹಿಂದೆ ಬರುವ ಪೌರಕಾರ್ಮಿಕರನ್ನು ಕರೆಯುವ ರೀತಿ ನೋಡಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು ಎಂದು 2016ರ ನಿಯಮವೇ ಹೇಳಿತ್ತು. ಕೋಳಿ ಅಂಗಡಿಯ ತ್ಯಾಜ್ಯ, ಮಗುವಿನ ಡಯಾಪರ್, ಒಡೆದ ಗಾಜು ಎಲ್ಲಾ ಒಂದೇ ತೊಟ್ಟೆಯಲ್ಲಿ ಕಟ್ಟಿ ಎಸೆದರೆ ಅದನ್ನು ಬಿಚ್ಚುವ ಕೈ ಒಬ್ಬ ಮನುಷ್ಯನದ್ದು. ಸೆಪ್ಟೆಂಬರ್ 23ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನ ಆಚರಿಸುತ್ತಾರೆ, ಅವರಿಗೂ ಒಂದು ಶಾಲು ಬೀಳುತ್ತದೆ. 24ರ ಬೆಳಿಗ್ಗೆ ಅದೇ ಗಾಜು.

ಸೇವೆಯಿಂದ ಗೌರವ ಬಂದದ್ದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಹೆಸರಿದೆ, ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆ ಕಡೆಯವರು, ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳಿಗೆ ಅಧಿಕಾರ ಇಳಿಸಿದ 1983ರ ಕಾಯ್ದೆಯ ಹಿಂದೆ ಇದ್ದವರು, 1988ರಲ್ಲಿ ತೀರಿಕೊಂಡರು. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಆ ಬಿರುದನ್ನು ಯಾವ ಸಂಘವೂ ಕಾರ್ಯಕ್ರಮ ಮಾಡಿ ಕೊಟ್ಟದ್ದಲ್ಲ. ಕೊಡ ಹಿಡಿದು ಮೈಲಿ ನಡೆಯುತ್ತಿದ್ದ ಹೆಂಗಸರ ಬಾಯಿಂದ ಬಂದದ್ದು. ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ಸರಕಾರಿ ಸಂಸ್ಥೆಗೆ ಇವತ್ತಿಗೂ ಅವರದ್ದೇ ಹೆಸರು. ಸನ್ಮಾನಕ್ಕೆ ಹೋಗುವ ನಮ್ಮ ಹೊಸ ಸದಸ್ಯರು ಒಮ್ಮೆ ಅವರ ಬಗ್ಗೆ ಓದಿಕೊಂಡರೆ ಒಳ್ಳೆಯದು.

ಹೆತ್ತವರಿಗೆ ಒಂದು ಮಾತು, ಇದು ತುರ್ತಿನದ್ದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಾಂಕಕ್ಕೆ ಜನನ ಪತ್ರವೇ ಆಧಾರ. ಹುಟ್ಟಿ 21 ದಿನದೊಳಗೆ ನೋಂದಣಿ ಆಗಬೇಕು. ಹೆಸರು ಆಗ ಇಟ್ಟಿರದಿದ್ದರೆ ನೋಂದಣಿಯಾಗಿ 12 ತಿಂಗಳೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಹೆಸರು ಬರೆಸುವಾಗ ತಂದೆ ತಾಯಿಯ ಆಧಾರ್ ಜೊತೆಯಲ್ಲೇ ಇರಲಿ, ಪ್ರಿಂಟ್ ಆಗುವ ಮೊದಲು ಒಂದೊಂದು ಅಕ್ಷರ ಓದಿ. ಓದಲು ಬಾರದಿದ್ದರೆ ಮದರಸಕ್ಕೆ ತನ್ನಿ, ನಾವಿದ್ದೇವೆ.

ಜಮಾಅತ್ ಕಮಿಟಿಗಳ ಮುಂದೆ ಒಂದು ಸಲಹೆ ಇಡುತ್ತೇವೆ. ಮುಂದಿನ ಸನ್ಮಾನದಲ್ಲಿ ಶಾಲು, ಸ್ಮರಣಿಕೆ, ಫ್ಲೆಕ್ಸಿಗೆ ಹೋಗುವ ಹಣ ಎಷ್ಟೆಂದು ಲೆಕ್ಕ ಹಾಕಿ. ಅಷ್ಟರಲ್ಲಿ ಬೆನ್ನು ಒರಗುವ ಎರಡು ಗಟ್ಟಿ ಬೆಂಚು ಆಗುತ್ತದೆ. ಮುಖ್ಯಾಧಿಕಾರಿಯವರಿಗೆ ಅರ್ಜಿ ಕೊಟ್ಟು, ಒಪ್ಪಿಗೆ ಪಡೆದು ಕೌಂಟರಿನ ಎದುರು ಹಾಕಿಸಿ. ಜೊತೆಗೆ ಯಾವ ಕೆಲಸಕ್ಕೆ ಯಾವ ಕಾಗದ, ಎಷ್ಟು ದಿನ ಎಂದು ದೊಡ್ಡ ಅಕ್ಷರದ ಒಂದು ಬೋರ್ಡ್. ಗೆದ್ದ ಸದಸ್ಯರನ್ನು ಅಲ್ಲಿಗೇ ಕರೆದು ಒಂದು ಗಂಟೆ ಆ ಬೆಂಚಿನಲ್ಲಿ ಜನರ ಜೊತೆ ಕೂರಲು ಹೇಳಿ. ಮತ್ತೆ ಬೆಂಚಿನ ಬೆನ್ನಿಗೆ ‘ಕೊಡುಗೆ’ ಎಂದು ಜಮಾಅತ್‌ನ ಹೆಸರು ಬರೆಸುವುದು ಬೇಡ.