ಸಂಕ್ರಾಂತಿಯ ನೆರಳು

ಮೊಮ್ಮಕ್ಕಳುಳ್ಳ ವಾಚಕರು ಈ ಮಾತನ್ನು ಒಪ್ಪದಿರಲಾರರು: ಹಬ್ಬದ ದಿನ ಹಿರಿಯರಿಗೆ ಪೂಜೆಗಿಂತಲೂ ಕಷ್ಟವಾದುದು ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವುದು. ಆಯುಷ್ಯದ ಬಹುಭಾಗವನ್ನು ಪಾಠಶಾಲೆಯಲ್ಲಿ ಪ್ರಶ್ನೆ ಕೇಳುವುದರಲ್ಲಿಯೇ ಕಳೆದ ನಮಗೆ, ಕೇಳಿಸಿಕೊಳ್ಳುವ ಅಭ್ಯಾಸ ಇನ್ನೂ ಚೆನ್ನಾಗಿ ಬಂದಿಲ್ಲ.

ಕಳೆದ ವರುಷದ ಸಂಕ್ರಾಂತಿಗೆ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರೂ ಹೊನ್ನವಳ್ಳಿಗೆ ಬಂದಿದ್ದರು. ಹುಡುಗನಿಗೆ ೧೦ ವರುಷ, ಹುಡುಗಿಗೆ ೬. ಎಳ್ಳುಬೆಲ್ಲವು ಅಲ್ಲಿ ಪೊಟ್ಟಣಗಳಲ್ಲಿ ಸಿದ್ಧವಾಗಿಯೇ ದೊರೆಯುವುದರಿಂದ, ಅದು ಮನೆಯಲ್ಲಿ ಮಾಡತಕ್ಕ ಪದಾರ್ಥವೆಂಬುದನ್ನೇ ಅವರು ಅರಿತಿರಲಿಲ್ಲ. ನಮ್ಮ ಮನೆಯವರು ವ್ಯಾಖ್ಯಾನಕ್ಕೆ ಹೋಗುವವರಲ್ಲ; ಇಬ್ಬರನ್ನೂ ಅಟ್ಟಕ್ಕೆ ಹತ್ತಿಸಿದರು. ಹಿಂದಿನ ವರುಷ ಏರಿಸಿದ್ದ ಕಾಯಿಗಳು ೧೦-೧೧ ತಿಂಗಳಿಂದ ಅಲ್ಲಿ ಒಣಗುತ್ತಿದ್ದವು. ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಒಳಗಿನ ಉಂಡೆ ಗಡಗಡನೆ ಉರುಳಿದರೆ ಕೊಬ್ಬರಿಯಾಯಿತು. ನಮ್ಮ ಸೀಮೆಯ ಮಕ್ಕಳಿಗೆ ಇದು ಹುಟ್ಟುವಿದ್ಯೆ. ಇವರಿಗೆ ಮಹಾ ಚಮತ್ಕಾರ. ಆಮೇಲೆ ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚುವುದು, ಬೆಲ್ಲವನ್ನು ಅಡಕೊತ್ತಿನಿಂದ ಚೂರು ಮಾಡುವುದು, ಎರಡನ್ನೂ ಬಿಸಿಲಿಗೆ ಹರಡಿ ಕಾಗೆ ಕಾಯುವುದು, ಹುರಿದ ಕಡಲೆಕಾಯಿ ಬೀಜವನ್ನು ಉಜ್ಜಿ ಸಿಪ್ಪೆ ಊದುವುದು. ಹುರಿಗಡಲೆಯ ಅರ್ಧ ಪಾಲು ಹುಡುಗಿಯ ಬಾಯಿಗೇ ಸಂದಿತು.

ಕೆಟ್ಟದ್ದು ನಮ್ಮ ಪಾಲಿನ ಕೆಲಸ. ಹಬ್ಬದ ಬೆಳಗ್ಗೆ ನೆರೆಹೊರೆಯವರ ಮುಂದೆ, ಸೂರ್ಯನು ಇಂದು ಮಕರರಾಶಿಯನ್ನು ಪ್ರವೇಶಿಸಿ ಉತ್ತರಕ್ಕೆ ತಿರುಗುವನೆಂದು ಗಂಭೀರವಾಗಿ ಉಪದೇಶಿಸಿದೆವು. ಹುಡುಗನು, “ತಾತ, ಸೂರ್ಯ ಡಿಸೆಂಬರಿನಲ್ಲೇ ತಿರುಗಿಬಿಟ್ಟನಲ್ಲ? ನಮ್ಮ ಪಾಠದಲ್ಲಿದೆ” ಎಂದನು. “ಅಧಿಕಪ್ರಸಂಗ ಬೇಡ” ಎಂದು ಗದರಿಬಿಟ್ಟೆವು.

ಅವನು ಯುಗಾದಿಗೂ ಬಂದನು, ಗೌರಿಹಬ್ಬಕ್ಕೂ ಬಂದನು. ಹೇಳಿದುದನ್ನೆಲ್ಲ ಮಾಡಿದನು, ಏನನ್ನೂ ಕೇಳಲಿಲ್ಲ. ಮನೆಯವರು ಇದನ್ನು ವಿನಯವೆಂದು ಮೆಚ್ಚಿಕೊಂಡರು. ನಮಗೆ ಮಾತ್ರ ಭಯವಾಯಿತು. ಪ್ರಶ್ನೆಯನ್ನು ಬಿಟ್ಟ ಹುಡುಗನು ಇನ್ನು ಕೆಲವು ವರುಷಗಳಲ್ಲಿ ಹಬ್ಬವನ್ನೂ ಇಷ್ಟೇ ವಿನಯದಿಂದ ಬಿಟ್ಟುಬಿಡಬಹುದಷ್ಟೆ.

ನಿಜವಾಗಿ ನೋಡಿದರೆ ತಪ್ಪಿದವರು ನಾವೇ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ ೨೧ ಅಥವಾ ೨೨ರಂದು. ನಮ್ಮ ಪಂಚಾಂಗಗಳು ರಾಶಿಯನ್ನು ನಕ್ಷತ್ರಗಳಿಂದ ಎಣಿಸುವುದರಿಂದ ಮಕರಪ್ರವೇಶವು ಜನವರಿ ೧೪ ಅಥವಾ ೧೫ಕ್ಕೆ ಬೀಳುವುದು. ಸುಮಾರು ೧,೭೦೦ ವರುಷಗಳ ಹಿಂದೆ ಇವೆರಡೂ ಒಂದೇ ದಿನವಾಗುತ್ತಿದ್ದವು; ಅಯನಚಲನೆಯಿಂದ ಸುಮಾರು ೭೨ ವರುಷಕ್ಕೊಂದು ದಿನದಂತೆ ಅಗಲುತ್ತ ಬಂದಿವೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಪೂರ್ವಶಾಸ್ತ್ರಗಳು ಉತ್ತರಾಯಣವನ್ನು ಧನಿಷ್ಠೆಯ ಆದಿಯಲ್ಲಿ ಹೇಳಿದ್ದರೂ ತನ್ನ ಕಾಲದಲ್ಲಿ ಅದು ಮಕರಾದಿಯಲ್ಲಿ ಕಾಣುವುದೆಂದೂ, ವ್ಯತ್ಯಾಸವಿದ್ದರೆ ಪ್ರತ್ಯಕ್ಷವಾಗಿ ಪರೀಕ್ಷಿಸಬೇಕೆಂದೂ ಬರೆದಿರುವನು. ಈ ಗ್ರಂಥವನ್ನು ಗುರುಮುಖದಿಂದ ಓದಿದವರು ನಾವು! ಆಚಾರ್ಯನು ಮಾಡೆಂದುದನ್ನು ಮಾಡಿದ ಹುಡುಗನಿಗೆ ಅಧಿಕಪ್ರಸಂಗಿಯೆಂಬ ಬಿರುದನ್ನಿತ್ತೆವು.

“ಇದನ್ನೆಲ್ಲ ಹೇಳಿದರೆ, ಹಾಗಾದರೆ ಈ ದಿನ ಹಬ್ಬವೇಕೆ ಎಂದು ಕೇಳುತ್ತಾನೆ” ಎಂದು ನಮ್ಮ ಮಗನು ದೂರವಾಣಿಯಲ್ಲಿ ಎಚ್ಚರಿಸಿದನು. ಕೇಳಲಿ. ನಕ್ಷತ್ರದ ಲೆಕ್ಕದ ಮಕರಪ್ರವೇಶವೂ ಸುಳ್ಳಲ್ಲ, ಅಜ್ಜಿಯ ಅಟ್ಟದ ಕೊಬ್ಬರಿಯೂ ಸುಳ್ಳಲ್ಲ. ನಿಜವನ್ನು ಮುಚ್ಚಿಟ್ಟು ಉಳಿಸಬೇಕಾದಷ್ಟು ದುರ್ಬಲವಾದ ಹಬ್ಬ ಇದಲ್ಲವೆಂಬುದೇ ನಮ್ಮ ಅಭಿಪ್ರಾಯ.

ಈ ಡಿಸೆಂಬರ್ ೨೨ರಂದು ಅಂಗಳದಲ್ಲಿ ೩೬ ಅಂಗುಲದ ನೆಟ್ಟನೆಯ ಕೋಲೊಂದನ್ನು ನಿಲ್ಲಿಸಿದೆವು. ಹಿಂದಿನವರು ಶಂಕುವೆನ್ನುತ್ತಿದ್ದುದು ಇದನ್ನೇ. ನಡುಹಗಲ ನೆರಳು ೨೭ ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ ಬಂದಿತು. ಅದರ ತುದಿಯಲ್ಲಿ ಮೊಳೆಯೊಂದನ್ನು ಹೊಡೆದಿದ್ದೇವೆ. ಸಂಕ್ರಾಂತಿಯ ಹೊತ್ತಿಗೆ ನೆರಳು ೨ ಅಂಗುಲದಷ್ಟು ಗಿಡ್ಡವಾಗಬೇಕೆಂದು ಲೆಕ್ಕ ಹೇಳುತ್ತದೆ. ಅಳೆಯುವವನು ಮೊಮ್ಮಗನು, ಕಳೆದ ವರುಷ ಗದರಿದುದಕ್ಕೆ ತಪ್ಪೊಪ್ಪಿಕೊಳ್ಳುವ ಕೆಲಸವೂ ಆ ಕೋಲಿನ ಬಳಿಯಲ್ಲಿಯೇ ಆಗಬೇಕು. ಮೊಳೆಯನ್ನು ಯಾರೂ ತುಳಿಯದಿರಲೆಂದು ಮನೆಯವರು ಅದರ ಮೇಲೊಂದು ತೆಂಗಿನ ಕರಟವನ್ನು ಬೋರಲು ಹಾಕಿರುವರು.