ಮೌನಕ್ಕೆ ಬಾಡಿಗೆ ಎಷ್ಟು? – ಕೊಡಗು, ಮಲೆನಾಡಿನ ಹೋಂಸ್ಟೇಗಳ ಸುತ್ತ ಒಂದು ಅವಲೋಕನ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಎಚ್ಚರಿಕೆಯ ಮಾತಾಗಿ ಹೇಳಿಟ್ಟರು. ಇಂದು ಅದೇ ಮಾತು ಪ್ರವಾಸೋದ್ಯಮದ ಘೋಷವಾಕ್ಯದಂತೆ ಕೇಳಿಸುತ್ತದೆ. ಮುಂಬಯಿಯ ಲೋಕಲ್ ರೈಲಿನಲ್ಲೋ, ಪುಣೆ, ಹೈದರಾಬಾದು, ಚೆನ್ನೈಗಳ ವಾಹನ ದಟ್ಟಣೆಯಲ್ಲೋ ವರ್ಷವಿಡೀ ನಲುಗಿದ ಹೊರನಾಡ ಕನ್ನಡ ಕುಟುಂಬವು ರಜೆಗೆಂದು ತಾಯ್ನಾಡಿಗೆ ಹೊರಟಾಗ ಈಗೀಗ ಮೈಸೂರು ಅರಮನೆಯನ್ನಾಗಲಿ ಜೋಗದ ಜಲಪಾತವನ್ನಾಗಲಿ ಅಷ್ಟಾಗಿ ವಿಚಾರಿಸುವುದಿಲ್ಲ. ಪ್ರವಾಸಿಗರ ಗದ್ದಲವಿಲ್ಲದ ಹಳ್ಳಿಯಲ್ಲಿ ಎರಡು ದಿನ ಸುಮ್ಮನೆ ಕುಳಿತು ಬರಬಹುದಾದ ಜಾಗ ಎಲ್ಲಿದೆ ಎಂದು ವಿಚಾರಿಸುತ್ತದೆ. ಕಾಫಿ ತೋಟದ ನಡುವೆ ಹಂಚಿನ ಮನೆ, ಹಿತ್ತಲಿನ ಆಚೆ ತೊರೆ, ಮನೆಯವರೇ ಬಡಿಸುವ ಕಡಂಬುಟ್ಟೋ ಪತ್ರೊಡೆಯೋ ಇದ್ದರೆ ಸಾಕು. ಇಂಥ ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಬಯಕೆಯ ಮೇಲೆ ಬೆಳೆದ ಉದ್ಯಮವು ತಾನು ಮಾರುವ ಸರಕನ್ನೇ ತಿಂದು ಮುಗಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಇನ್ನು ಮುಂದೂಡುವಂತಿಲ್ಲ.

ಹೋಂಸ್ಟೇಯ ಯಜಮಾನರು ಮಾರುವ ಸರಕಾದರೂ ಯಾವುದು? ಹಾಸಿಗೆ, ಬಿಸಿನೀರು, ಊಟ ಇವು ಪೇಟೆಯ ಯಾವ ವಸತಿಗೃಹದಲ್ಲೂ ದೊರೆಯುತ್ತವೆ. ಅತಿಥಿ ಹಣ ತೆರುವುದು ಕೋಣೆಯ ಹೊರಗಿರುವುದಕ್ಕೆ. ಎದುರಿನ ಗುಡ್ಡದ ಹಸಿರಿಗೆ, ಜೀರುಂಡೆಯ ಸದ್ದಿನ ಹೊರತು ಬೇರೇನೂ ಕೇಳದ ರಾತ್ರಿಗೆ, ವಾಹನಗಳಿಲ್ಲದ ಮಣ್ಣುದಾರಿಗೆ, ತೊರೆಯ ತಿಳಿನೀರಿಗೆ. ಕೋಣೆ ಯಜಮಾನರದು, ನಿಜ. ಉಳಿದದ್ದೆಲ್ಲ ಇಡೀ ಊರಿನದು. ಗುಡ್ಡವನ್ನು ಕಡಿಯದೆ ಬಿಟ್ಟ ನೆರೆಯವರು, ಲಾಭವಿಲ್ಲದಿದ್ದರೂ ಗದ್ದೆಯನ್ನು ಪಾಳು ಬಿಡದೆ ನಾಟಿ ಮಾಡಿದ ರೈತರು, ದೇವರಕಾಡಿಗೆ ಕೊಡಲಿ ತಾಗದಂತೆ ತಲೆಮಾರುಗಳಿಂದ ಕಾದ ಊರವರು, ಇವರೆಲ್ಲರ ಬಂಡವಾಳವೂ ಆ ಮೌನದಲ್ಲಿ ಸೇರಿದೆ. ಬಾಡಿಗೆಯ ರಶೀದಿಯಲ್ಲಿ ಮಾತ್ರ ಅವರ ಹೆಸರು ಬರುವುದಿಲ್ಲ.

ಈ ಉದ್ಯಮ ಹುಟ್ಟಿದ ಬಗೆಯನ್ನು ಕೊಡಗಿನ ಉದಾಹರಣೆಯಿಂದ ತಿಳಿಯಬಹುದು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. ನಮ್ಮಲ್ಲಿ ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಕೂಡಿಸಿ ಮಾರುತ್ತಿದ್ದ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ಪೂರ್ಣವಾಗಿ ಮುಕ್ತ ಮಾರುಕಟ್ಟೆಗೆ ಬಂದರು. ಕೆಲವು ವರ್ಷ ಒಳ್ಳೆಯ ಬೆಲೆ ಕಂಡರು. ಬಳಿಕ ವಿಯೆಟ್ನಾಮಿನ ರೊಬಸ್ಟಾ ಜಗತ್ತಿನ ಮಾರುಕಟ್ಟೆಗೆ ಹರಿದುಬಂದು, 2001-02ರ ಸುಮಾರಿಗೆ ಬೆಲೆ ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿಯಿತು. ತೋಟದ ಆದಾಯ ಕೂಲಿಗೂ ಗೊಬ್ಬರಕ್ಕೂ ಸಾಲದಾಯಿತು. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿದ್ದರು. ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು, ನಾಲ್ಕು ಖಾಲಿ ಕೋಣೆಗಳು. ಆ ಕೋಣೆಗಳನ್ನು ಅತಿಥಿಗಳಿಗೆ ತೆರೆದದ್ದು ಆಸೆಗಿಂತ ಹೆಚ್ಚಾಗಿ ಅಗತ್ಯದಿಂದ. ಅನೇಕ ತೋಟಗಳು ಮಾರಾಟವಾಗದೆ ಉಳಿದದ್ದರಲ್ಲಿ, ಅನೇಕ ಗೃಹಿಣಿಯರ ಕೈಗೆ ಮೊದಲ ಬಾರಿ ಸ್ವಂತ ಸಂಪಾದನೆ ಬಂದದ್ದರಲ್ಲಿ ಹೋಂಸ್ಟೇಯ ಪಾಲು ದೊಡ್ಡದು. ಅದನ್ನು ಮರೆತು ಟೀಕಿಸುವುದು ನ್ಯಾಯವಲ್ಲ.

ಈಗಿನ ಸ್ಥಿತಿ ಬೇರೆ. 2024 ಮತ್ತು 2025ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು. ಬಡತನದಿಂದ ಹುಟ್ಟಿದ ಉದ್ಯಮವಾಗಿದ್ದರೆ ಸಿರಿ ಬಂದಾಗ ಅದು ತಗ್ಗಬೇಕಿತ್ತು. ಹಾಗಾಗಲಿಲ್ಲ, ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರಗಳ ಸುತ್ತ ಹೊಸ ಫಲಕಗಳು ಏಳುತ್ತಲೇ ಇವೆ. ಕಾರಣವೇನೆಂದರೆ, ಉದ್ಯಮದ ಬೇರು ಮನೆಯಿಂದ ಕಿತ್ತು ಜಮೀನಿಗೆ ಹೋಗಿದೆ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಕರ್ನಾಟಕ ಭೂಸುಧಾರಣಾ ಕಾಯಿದೆಯ 2020ರ ತಿದ್ದುಪಡಿ ಹಾದಿ ತೆರೆಯಿತು. ಅದೇ ವರ್ಷ ಬಂದ ಕೊರೋನಾ ಪಿಡುಗು, ಮನೆಯಿಂದಲೇ ಕೆಲಸ ಮಾಡುವ ಪದ್ಧತಿಯನ್ನು ರೂಢಿಸಿ, ನಗರದವರನ್ನು ಹಳ್ಳಿಯ ಕಡೆ ಮುಖ ಮಾಡಿಸಿತು. ಯಜಮಾನರು ಬೇರೊಂದು ಊರಿನಲ್ಲಿ, ಗುತ್ತಿಗೆ ಹಿಡಿದವರು ಮತ್ತೊಂದು ಊರಿನಲ್ಲಿ, ಅತಿಥಿಯನ್ನು ಬರಮಾಡಿಕೊಳ್ಳುವವನು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ ಹುಡುಗ. ಇಂಥ ಜಾಗಕ್ಕೂ ಹೋಂಸ್ಟೇ ಎಂಬ ಹೆಸರೇ ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯ ಪ್ರಕಾರ ಇಂಥ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಗಳು ಒಂದರಿಂದ ಆರು, ಹಾಸಿಗೆಗಳು ಹೆಚ್ಚೆಂದರೆ ಹನ್ನೆರಡು, ಮತ್ತು ಮನೆಯವರು ಅಲ್ಲಿಯೇ ವಾಸವಾಗಿರಬೇಕು. ಈ ಮೂರನೆಯ ಷರತ್ತೇ ಮುಖ್ಯವಾದದ್ದು. ತನ್ನ ಮನೆಯ ಬಾವಿ ಬತ್ತಿದರೆ, ತನ್ನ ಅಂಗಳದ ಮುಂದೆ ನಡುರಾತ್ರಿ ಡಿಜೆ ಮೊಳಗಿದರೆ ಮೊದಲು ನೋಯುವುದು ಅಲ್ಲಿ ಬಾಳುವವರಿಗೇ. ಆ ನೋವೇ ಅತ್ಯುತ್ತಮ ನಿಯಂತ್ರಣ. ಯಾವ ಇಲಾಖೆಯ ಪರಿವೀಕ್ಷಣೆಯೂ ಅದಕ್ಕೆ ಸಮವಲ್ಲ.

ನೀರಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ರೊಬಸ್ಟಾ ಗಿಡ ಹೂಬಿಡಲು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಬೇಕು. ಮಳೆ ಕೈಕೊಟ್ಟರೆ ಬೆಳೆಗಾರರು ತೊರೆಯಿಂದಲೋ ಕೆರೆಯಿಂದಲೋ ತುಂತುರು ನೀರಾವರಿ ಮಾಡುತ್ತಾರೆ. ತೊರೆಗಳು ಸೊರಗಿರುವ ಅದೇ ದಿನಗಳಲ್ಲಿ ಬೇಸಗೆ ರಜೆಯ ಅತಿಥಿಗಳ ಸರದಿ ಆರಂಭವಾಗುತ್ತದೆ. ಈಜುಕೊಳ ತುಂಬಬೇಕು, ಹಾಸುಬಟ್ಟೆಗಳನ್ನು ನಿತ್ಯ ಒಗೆಯಬೇಕು. ಒಂದೇ ತೊರೆಯ ಮೇಲೆ ತೋಟ, ಈಜುಕೊಳ, ಕೆಳಗಿನ ಊರಿನ ಕುಡಿಯುವ ನೀರು ಮೂರೂ ನಿಂತಾಗ ಹಣವುಳ್ಳವರ ಪಂಪೇ ಗೆಲ್ಲುವುದು ಲೋಕರೂಢಿ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನಸಂಖ್ಯೆಯಿದ್ದ ಪುಟ್ಟ ಜಿಲ್ಲೆ ಕೊಡಗು. ಅಲ್ಲಿನ ಗ್ರಾಮ ಪಂಚಾಯಿತಿಗಳು ತಮ್ಮ ಜನರ ಕಸವನ್ನೇ ವಿಲೇವಾರಿ ಮಾಡಲು ಹೆಣಗುತ್ತಿರುವಾಗ ವಾರಾಂತ್ಯದ ಅತಿಥಿಗಳು ಬಿಟ್ಟುಹೋಗುವ ಬಾಟಲಿಗಳನ್ನು ಎಲ್ಲಿಗೆ ಸಾಗಿಸಬೇಕು?

ಇನ್ನು ಗುಡ್ಡದ ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲಗಳಲ್ಲಿ ಗುಡ್ಡಗಳು ಜಾರಿ ಮನೆ, ತೋಟಗಳನ್ನು ಹೊತ್ತೊಯ್ದದ್ದನ್ನು ಯಾರೂ ಮರೆತಿಲ್ಲ. ಮಳೆ ಅತಿಯಾಗಿತ್ತು, ಅದರ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಅಭಿಪ್ರಾಯಪಟ್ಟರು. ಇಳಿಜಾರಿನ ಬುಡವನ್ನು ನೇರವಾಗಿ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರು ಹರಿದುಹೋಗುವ ಸಹಜ ಕಾಲುವೆ ಮುಚ್ಚಿದರೆ ನೀರು ಒಳಗೆ ಇಂಗಿ ಮಣ್ಣು ಭಾರವಾಗುತ್ತದೆ. ಒಂದು ರಾತ್ರಿಯ ಜಡಿಮಳೆ ಉಳಿದ ಕೆಲಸವನ್ನು ಮುಗಿಸುತ್ತದೆ. ಕಣಿವೆಯ ನೋಟ ಚೆನ್ನಾಗಿ ಕಾಣಬೇಕೆಂದು ಕಟ್ಟುವ ಕುಟೀರಗಳು ಏಳುವುದು ಇಂಥ ಇಳಿಜಾರುಗಳ ಮೇಲೆಯೇ. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಣ್ಣುಪಾಲಾದಾಗ ಇಡೀ ಪಶ್ಚಿಮ ಘಟ್ಟವೇ ಬೆಚ್ಚಿತು.

ಆ ದುರಂತದ ಬೆನ್ನಲ್ಲೇ ಕೇಂದ್ರ ಸರಕಾರವು ಕಸ್ತೂರಿರಂಗನ್ ವರದಿಯನ್ನು ಆಧರಿಸಿದ ಪರಿಸರ ಸೂಕ್ಷ್ಮ ಪ್ರದೇಶದ ಕರಡನ್ನು ಮತ್ತೊಮ್ಮೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ವರದಿಯನ್ನು ತಿರಸ್ಕರಿಸಲು ನಿರ್ಧರಿಸಿತು. ಕೃಷಿಗೆ, ಮನೆ ಕಟ್ಟುವುದಕ್ಕೆ ಅಡ್ಡಿ ಬರಬಹುದೆಂಬ ಮಲೆನಾಡಿಗರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕರಡು ನಿಷೇಧಿಸುವುದು ಗಣಿ, ಕಲ್ಲುಕ್ವಾರಿ, ಕೆಂಪು ವರ್ಗದ ಕೈಗಾರಿಕೆ ಮತ್ತು 20,000 ಚದರ ಮೀಟರ್ ಹಾಗೂ ಅದಕ್ಕೆ ಮೇಲ್ಪಟ್ಟ ಕಟ್ಟಡ ಯೋಜನೆಗಳಂಥವನ್ನು. ನಾಲ್ಕು ಕೋಣೆಯ ಹೋಂಸ್ಟೇಯನ್ನು ಆ ನಿಷೇಧ ಮುಟ್ಟುವುದಿಲ್ಲ. ಚಿಕ್ಕ ಬೆಳೆಗಾರರ ಭಯದ ನೆರಳಿನಲ್ಲಿ ದೊಡ್ಡ ಬಂಡವಾಳ ಸದ್ದಿಲ್ಲದೆ ನಿಂತಿದೆ ಎಂಬುದು ನಮ್ಮ ಅನಿಸಿಕೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಒಂದೇ ಗುಡ್ಡದಲ್ಲಿ ಐವತ್ತು ಮಂದಿ ಪ್ರತ್ಯೇಕವಾಗಿ ಸಣ್ಣ ಕುಟೀರಗಳನ್ನು ಕಟ್ಟಿದರೆ ಆ ಕರಡು ಜಾರಿಗೆ ಬಂದರೂ ತಡೆಯಲಾರದು. ಆದ್ದರಿಂದ ದಿಲ್ಲಿಯ ನಕ್ಷೆಯೊಂದೇ ಸಾಲದು. ಯಾವ ಊರು ಎಷ್ಟು ಕೋಣೆಗಳನ್ನು ತಾಳಬಲ್ಲದು ಎಂಬ ಎಣಿಕೆ ಗ್ರಾಮಸಭೆಯಲ್ಲೇ ನಡೆಯಬೇಕು.

ಮಿತಿ ಹಾಕುವುದು ಅಸಾಧ್ಯವೇನಲ್ಲ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿನಿಂದ ಊಟಿ, ಕೊಡೈಕನಾಲ್‌ಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಚೆನ್ನೈಯ ನಮ್ಮ ಓದುಗರಿಗೆ ಇದರ ಅನುಭವವಿದ್ದೀತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆಗೂ 2025ರಲ್ಲಿ ಮುಂಗಡ ನೋಂದಣಿ, ವಾಹನಮಿತಿ ಬಂದವು. ಮಿತಿಯನ್ನು ತಾವಾಗಿ ಹಾಕಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಊರವರ ಸಿಟ್ಟು ಸಫಾರಿ ವಾಹನಗಳ ಮೇಲೆ, ರೆಸಾರ್ಟುಗಳ ಮೇಲೆ ತಿರುಗಿತು. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಲು ಸರಕಾರ ಆದೇಶಿಸಿತು. ಲಾಭ ಒಬ್ಬರಿಗೆ, ಭಯ ಮತ್ತೊಬ್ಬರಿಗೆ ಎಂಬ ಭಾವನೆ ಊರಿನಲ್ಲಿ ಬೇರೂರಿದ ಮೇಲೆ ಯಾವ ವಸತಿಯೂ ಅಲ್ಲಿ ನೆಮ್ಮದಿಯಿಂದ ನಡೆಯಲಾರದು.

ಬ್ಯಾಂಕಿನ ಮೇಜಿನ ಈಚೆ ಕುಳಿತು ದಶಕಗಳನ್ನು ಕಳೆದ ನಮಗೆ ಈ ವಿಷಯದ ಇನ್ನೊಂದು ಪಾರ್ಶ್ವವೂ ಕಾಣುತ್ತದೆ. 2025ರ ಕೇಂದ್ರ ಮುಂಗಡಪತ್ರದಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ನೀಡುವ ಘೋಷಣೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಎರಡೂ ಸ್ವಾಗತಾರ್ಹವೇ. ಆದರೆ ಇಂಥ ಸಾಲದ ಅರ್ಜಿಯಲ್ಲಿ ಕೋಣೆಗಳೆಷ್ಟು, ವರ್ಷಕ್ಕೆ ಎಷ್ಟು ದಿನ ತುಂಬುತ್ತವೆ, ಅಡವೇನು ಎಂದು ಕೇಳುವುದು ವಾಡಿಕೆ. ಬಾವಿಯಲ್ಲಿ ಏಪ್ರಿಲ್‌ನಲ್ಲಿ ನೀರಿರುತ್ತದೆಯೇ, ಮನೆಯ ಹಿಂದಿನ ಗುಡ್ಡ ಎಷ್ಟು ಕಡಿದಾಗಿದೆ, ಅದೇ ದಾರಿಯಲ್ಲಿ ಈಗಾಗಲೇ ಎಷ್ಟು ವಸತಿಗಳಿವೆ ಎಂದೂ ಕೇಳಬೇಕಾಗಿದೆ. ಮೌನವೇ ಬಂಡವಾಳವಾಗಿರುವ ಉದ್ಯಮದಲ್ಲಿ ಹನ್ನೊಂದನೆಯ ಹೋಂಸ್ಟೇ ಮೊದಲ ಹತ್ತರ ಆದಾಯವನ್ನೂ ಕೆಡಿಸಬಲ್ಲದು. ಹಾಗಾದಾಗ ಮುಳುಗುವುದು ಸಾಲಗಾರರೊಬ್ಬರೇ ಅಲ್ಲ.

ಇದನ್ನೆಲ್ಲ ಹೊರನಾಡಿನಲ್ಲಿ ಕುಳಿತ ನಾವು ಏಕೆ ಚರ್ಚಿಸಬೇಕು? ನಾವು ಅಲ್ಲಿನ ಅತಿಥಿಗಳಷ್ಟೇ ಅಲ್ಲ, ಅನೇಕರು ಅಲ್ಲಿನ ಮನೆಯೊಡೆಯರೂ ಹೌದು. ಉಡುಪಿ, ಕಾರ್ಕಳದ ಗುತ್ತಿನ ಮನೆ, ಶಿರಸಿಯ ತೋಟದ ಮನೆ, ಕೊಡಗಿನ ಐನ್‌ಮನೆ, ತೀರ್ಥಹಳ್ಳಿಯ ತೊಟ್ಟಿಮನೆ – ಇವುಗಳಲ್ಲಿ ಪಾಲು ಇರುವವರು ನಮ್ಮ ಸಂಘಗಳಲ್ಲಿ ಎಷ್ಟು ಜನರಿಲ್ಲ! ನಾಗನಿಗೆ ತನು ಎರೆಯಲೋ, ಭೂತದ ಕೋಲಕ್ಕೋ ವರ್ಷಕ್ಕೊಮ್ಮೆ ಬೀಗ ತೆಗೆಯುವ ಮನೆಗಳವು. ಅವುಗಳಿಗೆ ಈಗ ಗುತ್ತಿಗೆದಾರರ ಕಣ್ಣು ಬಿದ್ದಿದೆ. ಮಾಡು ಸೋರುವ ಮನೆಗೆ ತಿಂಗಳ ಆದಾಯ ಬರುವುದಾದರೆ ಯಾರಿಗೆ ಬೇಡ? ಹಾಳುಬೀಳುವುದಕ್ಕಿಂತ ನಾಲ್ಕು ಜನ ಉಂಡು ಮಲಗುವುದು ಮನೆಗೂ ಶುಭವೇ. ಆದರೆ ಸಹಿ ಹಾಕುವ ಮುನ್ನ ಕೆಲವು ವಿಚಾರಗಳನ್ನು ಇತ್ಯರ್ಥ ಮಾಡಿಕೊಳ್ಳುವುದು ಲೇಸು. ಕೂಡುಮನೆಯಾದರೆ ಎಲ್ಲ ಪಾಲುದಾರರ ಒಪ್ಪಿಗೆ ಬರಹದಲ್ಲಿರಲಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರ ನೋಂದಣಿಯಾಗಲೇಬೇಕು. ಕೃಷಿಭೂಮಿಯನ್ನು ಗೇಣಿಗೆ ಕೊಡಲು ನಮ್ಮ ಭೂಸುಧಾರಣಾ ಕಾನೂನಿನಲ್ಲಿ ನಿರ್ಬಂಧವಿರುವುದರಿಂದ ಮನೆ ಯಾವುದು, ತೋಟ ಯಾವುದು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಲಿ. ಎಲ್ಲಕ್ಕಿಂತ ಮೇಲಾಗಿ ಕೋಣೆಗಳ ಸಂಖ್ಯೆ, ಗುಡ್ಡ ಕಡಿಯದಿರುವುದು, ನೆರೆಯವರಿಗೂ ಬಾವಿಯ ನೀರು ದೊರೆಯುವುದು, ಮನೆ ನೋಡಿಕೊಳ್ಳಲು ಊರಿನವರನ್ನೇ ನೇಮಿಸುವುದು ಇವು ಷರತ್ತುಗಳಾಗಿ ಬರಲಿ. ಬಾಡಿಗೆ ಸ್ವಲ್ಪ ಕಡಿಮೆಯಾದೀತು. ನೆರೆಕರೆಯ ಪ್ರೀತಿ ಉಳಿದೀತು.

ಅತಿಥಿಯಾಗಿ ಹೋಗುವಾಗಲೂ ನಮ್ಮ ಕೈಯಲ್ಲಿ ಒಂದು ಅಧಿಕಾರವಿದೆ. ಮುಂಗಡ ಕಳುಹಿಸುವ ಮೊದಲು ದೂರವಾಣಿಯಲ್ಲಿ ವಿಚಾರಿಸಬಹುದು: ಮನೆಯವರು ಅಲ್ಲಿಯೇ ಇದ್ದಾರೆಯೇ? ನೋಂದಣಿಯಾಗಿದೆಯೇ? ಕೋಣೆಗಳೆಷ್ಟು? ಅಡುಗೆ ಯಾರದು? ಕಸ ಎಲ್ಲಿ ಹೋಗುತ್ತದೆ? ಮನೆಯವರೇ ಇರುವ ಕಡೆ ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಬರುತ್ತದೆ. ಇಲ್ಲದ ಕಡೆ ಮಾತು ಈಜುಕೊಳದ ವರ್ಣನೆಗೆ ತಿರುಗುತ್ತದೆ. ಆಯ್ಕೆ ಅಲ್ಲಿಗೇ ಸುಲಭ.

ಅತಿಥಿಯನ್ನು ದೇವರೆಂದ ನಾಡು ನಮ್ಮದು. ದೇವರು ಬಂದು ಹೋದ ಮೇಲೆ ಊರಿನ ಬಾವಿ ತುಂಬಿರಬೇಕು, ಗುಡ್ಡ ನಿಂತಿರಬೇಕು, ನೆರೆಮನೆಯ ಮಗು ನಿದ್ದೆ ಮಾಡಿರಬೇಕು. ಮೌನಕ್ಕೆ ನಾವು ತೆರಬೇಕಾದ ನಿಜವಾದ ಬಾಡಿಗೆ ಇದೇ. ಅದು ರಶೀದಿಯಲ್ಲಿ ಬರುವುದಿಲ್ಲವೆಂದು ಬಾಕಿ ಉಳಿಸಿಕೊಳ್ಳುವುದು ಬೇಡ.